ಬೊಸಾ ನೋವಾದಿಂದ ನ್ಯೂ ಜಾಜ್‌ವರೆಗೆ: ತೀನ್‌ತಾಲ ಬಲ್ಲ ಕಿವಿಗೆ ಒಂದು ದಾರಿ

ಗೋವೆಯ ಸಮುದ್ರದಂಡೆಯ ಹೋಟೆಲುಗಳಲ್ಲಿ ನೀವು ಇದನ್ನು ಕೇಳಿರುತ್ತೀರಿ. ಮೆದುವಾದ ಗಿಟಾರ್, ಕಿವಿಯ ಹತ್ತಿರವೇ ಬಂದು ಹಾಡುವಂಥ ಹೆಣ್ಣುದನಿ, ಅದರ ಕೆಳಗೆ ಎಲೆಕ್ಟ್ರಿಕ್ ಪಿಯಾನೊ, ಇನ್ನೂ ಕೆಳಗೆ ಒಂದೇ ಅಳತೆಯಲ್ಲಿ ತಿರುಗುವ ಯಂತ್ರದ ತಾಳ. ಚೋರ್ಲಾ ಘಾಟಿ ಹತ್ತಿ ಬೆಳಗಾವಿಗೆ ಮರಳಿದ ಮೇಲೂ ಧಾಟಿ ನೆನಪಿನಲ್ಲಿ ಉಳಿದಿರುತ್ತದೆ, ಹೆಸರು ಮಾತ್ರ ಗೊತ್ತಿರುವುದಿಲ್ಲ. ಬ್ರೆಜಿಲ್‌ನ ಬೊಸಾ ನೋವಾ, ಅಮೆರಿಕದ ಜಾಜ್, ಸ್ಟುಡಿಯೋದ ಎಲೆಕ್ಟ್ರಾನಿಕ್ ತಾಳ ಈ ಮೂರೂ ಸೇರಿ 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಬಗೆಗೆ ನ್ಯೂ ಜಾಜ್ ಎಂಬ ಹೆಸರು ಬಿದ್ದಿದೆ.

ಹೆಚ್ಚಿನವರು ‘ಹಿತವಾಗಿದೆ’ ಎಂದು ಹೇಳಿ ತಮ್ಮ ಮಾತಿಗೆ ಮರಳುತ್ತಾರೆ. ನನಗೆ ಅದು ಬೇಸರದ ಸಂಗತಿ. ಮಾತಿನ ಹಿಂದೆ ಸುಮ್ಮನೆ ಓಡುತ್ತಿರಲಿ ಎಂದು ಹಾಕುವ ಸಂಗೀತ ಇದಲ್ಲ. ಎದುರು ಕುಳಿತು ಕೇಳಿದರೆ ಕೊಡುವುದು ಬಹಳವಿದೆ. ಬೆಳಗಾವಿಯ ಕೇಳುಗರಿಗಂತೂ ಇದನ್ನು ಹಿಡಿಯಲು ಬೇಕಾದ ತಯಾರಿ ಅರ್ಧ ಮುಗಿದೇ ಇದೆ. ಅಭಂಗ, ದಾಸರ ಪದ, ನಾಟ್ಯಗೀತೆ, ಖಯಾಲ್ ಇವುಗಳ ನಡುವೆ ಬೆಳೆದ ಕಿವಿ ತೀನ್‌ತಾಲದ ಹದಿನಾರು ಮಾತ್ರೆಗಳನ್ನು, ಅಂದರೆ ತಾಳದ ಎಣಿಕೆಗಳನ್ನು, ಬೆರಳು ಮಡಿಸದೆಯೇ ಎಣಿಸುತ್ತದೆ. ಆ ಎಣಿಕೆಯನ್ನೇ ಕೀಲಿಯಾಗಿಟ್ಟುಕೊಂಡು ಒಳಗೆ ಹೋಗುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನ್ಯೂ ಜಾಜ್ ಆಲ್ಬಮ್‌ನಿಂದ ಶುರು ಮಾಡಬೇಡಿ. ಅದು ಕೊನೆಯ ನಿಲ್ದಾಣ. ಒಂದು ಗಿಟಾರ್, ಒಂದು ಕಂಠದಿಂದ ಶುರು ಮಾಡಿ.

ಹಂತ 1: ಸದ್ದಿನ ವ್ಯವಸ್ಥೆ

ಮೊಬೈಲಿನ ಕೆಳಗಿರುವ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ. ಅದಕ್ಕೆ ಮಂದ್ರದ, ಅಂದರೆ ತಗ್ಗಿನ ಸ್ವರಗಳನ್ನು ನುಡಿಸುವ ಶಕ್ತಿಯಿಲ್ಲ. ಬೊಸಾ ನೋವಾದಲ್ಲಿ ಗಿಟಾರ್‌ನ ಹೆಬ್ಬೆರಳು ನುಡಿಸುವ ಮಂದ್ರವೇ ಅರ್ಧ ಸಂಗೀತ. ಅದು ಹೋದರೆ ಉಳಿಯುವುದು ಬರೀ ತಂತಿಯ ಕಿಣಿಕಿಣಿ. ಸಾಧಾರಣ ಬೆಲೆಯ ತಂತಿಯ ಹೆಡ್‌ಫೋನ್ ಸಾಕು. ಎರಡೂ ಕಿವಿಗೆ ಹಾಕಿಕೊಳ್ಳಿ. ಮೊಬೈಲಿನ ‘ಬಾಸ್ ಬೂಸ್ಟ್’ ಬಂದ್ ಮಾಡಿ, ಆ್ಯಪ್‌ನ ಸೆಟ್ಟಿಂಗಿನಲ್ಲಿ ಧ್ವನಿಯ ಗುಣಮಟ್ಟವನ್ನು ಎತ್ತರದ ಮಟ್ಟಕ್ಕೆ ಇಡಿ. ಸದ್ದು ಎಷ್ಟಿರಬೇಕೆಂದರೆ, ಬಾಗಿಲಲ್ಲಿ ಯಾರಾದರೂ ಕರೆದರೆ ಕೇಳಿಸಬೇಕು.

ಬೆಳಗಾವಿಯ ಮಳೆಗಾಲಕ್ಕೆ ಈ ಸಂಗೀತ ಚೆನ್ನಾಗಿ ಒಪ್ಪುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜುಲೈ ತಿಂಗಳಲ್ಲಿ ತಗಡಿನ ಮೇಲೆ ಬೀಳುವ ಮಳೆಯ ಮುಂದೆ ಈ ಹಾಡುಗಾರರ ಉಸಿರು, ಬೆರಳಿನ ಸರಿದಾಟ ಒಂದೂ ಉಳಿಯುವುದಿಲ್ಲ. ಚಳಿಗಾಲದ ರಾತ್ರಿ ಊಟವಾದ ಮೇಲಿನ ಹೊತ್ತು ಅಥವಾ ರಸ್ತೆ ಎಚ್ಚರಗೊಳ್ಳುವ ಮುಂಚಿನ ಬೆಳಗು ಒಳ್ಳೆಯದು.

ಹಂತ 2: ಹದಿನಾರು ಮಾತ್ರೆಗಳ ಹೊಸ ಹಂಚಿಕೆ

ಹಾಡು ಕೇಳುವ ಮುಂಚೆ ಇದನ್ನು ಮಾಡಿ. ಇಡೀ ಲೇಖನದಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವಷ್ಟು ಬಿಡುವಿದ್ದರೆ ಇದನ್ನೇ ಪಾಲಿಸಿ.

ಮೊಬೈಲಿನ ತಬಲಾ ಆ್ಯಪ್‌ನಲ್ಲಿ ಮಧ್ಯಲಯದ ತೀನ್‌ತಾಲ ಹಾಕಿ. ಮನೆಯಲ್ಲಿ ತಬಲಾ ನುಡಿಸುವವರಿದ್ದರೆ ಇನ್ನೂ ಒಳ್ಳೆಯದು. 1, 5, 9, 13ನೇ ಮಾತ್ರೆಗಳಲ್ಲಿ ಕಾಲಿನಿಂದ ನೆಲ ತಟ್ಟಿ. ಒಂಬತ್ತು ಖಾಲಿ (ಚಪ್ಪಾಳೆ ಬೀಳದ ಜಾಗ) ಎಂದು ಬಿಡಬೇಡಿ, ಅಲ್ಲೂ ತಟ್ಟಿ. ಇದು ನಿಮಗೆ ಗೊತ್ತಿರುವ ನಾಲ್ಕು ನಾಲ್ಕರ ವಿಭಾಗ. ಕಾಲು ತಾನಾಗಿ ನಡೆಯತೊಡಗಿದ ಮೇಲೆ ಕೈಯನ್ನು ತನ್ನಿ. ಕೈ 1, 4, 7, 11, 14ನೇ ಮಾತ್ರೆಗಳಲ್ಲಿ ಚಪ್ಪಾಳೆ ಹೊಡೆಯಬೇಕು. ಅಂದರೆ ಅಂತರ ಮೂರು, ಮೂರು, ನಾಲ್ಕು, ಮೂರು, ಮೂರು. ಕೂಡಿಸಿದರೆ ಹದಿನಾರು.

ಮೊದಮೊದಲು ಕಾಲು ಕೈಯನ್ನು ಎಳೆಯುತ್ತದೆ, ಕೈ ಕಾಲನ್ನು ಎಳೆಯುತ್ತದೆ. ಲಯ ಇಳಿಸಿ ಮತ್ತೆ ಮಾಡಿ. ಹಿಡಿತಕ್ಕೆ ಬಂದಾಗ ಒಂದು ವಿಷಯ ಗಮನಕ್ಕೆ ಬರುತ್ತದೆ: ಕಾಲು ಮತ್ತು ಕೈ ಇಡೀ ಆವರ್ತನದಲ್ಲಿ ಭೇಟಿಯಾಗುವುದು ಒಂದೇ ಕಡೆ, ಸಮ್‌ನಲ್ಲಿ, ಅಂದರೆ 1ನೇ ಮಾತ್ರೆಯಲ್ಲಿ. ಉಳಿದ ನಾಲ್ಕು ಚಪ್ಪಾಳೆಗಳೂ ಕಾಲಿನ ಪೆಟ್ಟುಗಳ ನಡುವಿನ ಬಯಲಿನಲ್ಲಿ ಬೀಳುತ್ತವೆ. ಬೊಸಾ ನೋವಾ ಓಡದೆ, ನಿಲ್ಲದೆ, ತೂಗುತ್ತ ಹೋಗುವುದು ಇದೇ ಕಾರಣಕ್ಕೆ.

ಕಾಲು ಮಾಡುತ್ತಿರುವ ಕೆಲಸ ಬ್ರೆಜಿಲ್‌ನ ಕುಣಿತದ ಸಂಗೀತವಾದ ಸಾಂಬಾದ ಮೆರವಣಿಗೆಯಲ್ಲಿ ಸುರ್ಡೊ ಎಂಬ ದೊಡ್ಡ ಡೋಲಿನದು. ಅಲ್ಲಿ ಭಾರ ಬೀಳುವುದು ಸಮ್ ಮೇಲಲ್ಲ, 5 ಮತ್ತು 13ರ ಮೇಲೆ. ಕಾಲಿನ ಪೆಟ್ಟನ್ನು ಆ ಎರಡು ಕಡೆ ತುಸು ಗಟ್ಟಿಮಾಡಿ ನೋಡಿ, ಮೈ ತಾನಾಗಿಯೇ ತೂಗಾಡುತ್ತದೆ. ಕೈಯದು ಡ್ರಮ್ ವಾದಕರು ಕೋಲಿನಿಂದ ಡ್ರಮ್ಮಿನ ಅಂಚಿಗೆ ತಟ್ಟುವ ‘ಟಕ್ ಟಕ್’. ಬ್ರೆಜಿಲ್‌ನವರು ಇದನ್ನು ಎರಡೆರಡು ಪೆಟ್ಟಿನ ಪುಟ್ಟ ಅಳತೆಗಳಲ್ಲಿ ಬರೆಯುತ್ತಾರೆ. ಅಂಥ ಎರಡು ಅಳತೆ ಸೇರಿದರೆ ನಮ್ಮ ಹದಿನಾರಾಗುತ್ತದೆ.

ತಬಲಾ ಕಲಿತವರಿಗೆ ಇದನ್ನು ತೋರಿಸಿದರೆ ಅವರು ಕೇಳುವ ಮೊದಲ ಪ್ರಶ್ನೆ, ‘ಹಾಗಾದರೆ ತಿಹಾಯಿ ಎಲ್ಲಿ ಸರ್?’ ಎಂಬುದು. ಒಂದೇ ತುಣುಕನ್ನು ಮೂರು ಸಲ ನುಡಿಸಿ ಸಮ್‌ನಲ್ಲಿ ಮುಗಿಸುವ ಆ ತಿಹಾಯಿ ಇಲ್ಲಿ ಇಲ್ಲ. ಆವರ್ತನವನ್ನು ಗೆದ್ದು ಸಮ್‌ಗೆ ಬಂದು ಬೀಳುವ ಸಂಭ್ರಮವೂ ಇಲ್ಲ. ತಾಳ ಕೊನೆಯವರೆಗೂ ಹೀಗೆಯೇ ನಡೆದು, ಹಾಡು ಮುಗಿದಾಗ ಮುಗಿಯುತ್ತದೆ. ನಮ್ಮ ಕಚೇರಿಗಳ ರೂಢಿಯಿಂದ ಬಂದವರು ಈ ಒಂದು ನಿರೀಕ್ಷೆಯನ್ನು ಬದಿಗಿಟ್ಟು ಕೇಳಬೇಕು.

ಹಂತ 3: ಒಂದು ಕಂಠ, ಒಂದು ಗಿಟಾರ್

ಈಗ ಜೊವಾಂವ್ ಜಿಲ್ಬರ್ಟೊ ಅವರ ಬಳಿಗೆ ಹೋಗಿ. 1931ರಲ್ಲಿ ಬ್ರೆಜಿಲ್‌ನ ಬಹಿಯಾ ರಾಜ್ಯದ ಜುವಾಜೇರೊ ಎಂಬ ಊರಿನಲ್ಲಿ ಹುಟ್ಟಿ, 2019ರಲ್ಲಿ ರಿಯೋ ಡಿ ಜನೈರೊದಲ್ಲಿ ತೀರಿಕೊಂಡರು. ಆಂಟೋನಿಯೊ ಕಾರ್ಲೋಸ್ ಜೊಬಿಂ ರಾಗ ಹಾಕಿ, ಕವಿ ವಿನಿಸಿಯಸ್ ದ ಮೊರಾಯಿಸ್ ಬರೆದ ‘ಶೇಗ ದೆ ಸೌದಾದೆ’ ಎಂಬ ಹಾಡನ್ನು ಅವರು 1958ರಲ್ಲಿ ಹಾಡಿದಾಗ ಬೊಸಾ ನೋವಾ ಶುರುವಾಯಿತು ಎನ್ನುತ್ತಾರೆ. ಅದೇ ಹೆಸರಿನ ಆಲ್ಬಮ್ 1959ರದು. ಹಾಡುಗಳು ಬಹಳ ಚಿಕ್ಕವು. ಇಡೀ ಆಲ್ಬಮ್ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಮೊದಲ ಸಲ ಕಂಠವನ್ನು ಬಿಟ್ಟುಬಿಡಿ. ಗಿಟಾರ್‌ನ ಬಲಗೈಯನ್ನು ಮಾತ್ರ ಹಿಂಬಾಲಿಸಿ. ಹೆಬ್ಬೆರಳು ನಿಮ್ಮ ಕಾಲಿನ ಜಾಗದಲ್ಲಿ ಮಂದ್ರ ನುಡಿಸುತ್ತದೆ. ಉಳಿದ ಬೆರಳುಗಳು ಮೂರು ನಾಲ್ಕು ತಂತಿಗಳನ್ನು ಒಮ್ಮೆಗೇ ಮೀಟಿ ನಿಮ್ಮ ಚಪ್ಪಾಳೆಯ ಆಸುಪಾಸಿನಲ್ಲಿ ಬೀಳುತ್ತವೆ. ಆಸುಪಾಸು ಎಂದೆ, ಏಕೆಂದರೆ ಹಿಂದಿನ ಹಂತದಲ್ಲಿ ಕಲಿತದ್ದು ಪಾಠದ ರೂಪ, ಜಿಲ್ಬರ್ಟೊ ಅದನ್ನು ಹಾಡಿಗೆ ತಕ್ಕಂತೆ ಬದಲಿಸುತ್ತ ಹೋಗುತ್ತಾರೆ. ಸಾಂಬಾದ ನೂರಾರು ವಾದ್ಯಗಳ ಗದ್ದಲವನ್ನು ಒಬ್ಬ ಮನುಷ್ಯ ಒಂದು ಕೈಗೆ ಇಳಿಸಿಕೊಂಡದ್ದು ಇಪ್ಪತ್ತನೇ ಶತಮಾನದ ಸಂಗೀತದ ದೊಡ್ಡ ಸಾಧನೆಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

ಎರಡನೇ ಸಲ ಕಂಠವನ್ನು ಕೇಳಿ. ಗಮಕವಿಲ್ಲ, ಕಂಪನವಿಲ್ಲ, ಎತ್ತರಿಸುವುದಿಲ್ಲ. ಸ್ವರವನ್ನು ನೇರವಾಗಿ ಇಟ್ಟು ನೇರವಾಗಿ ತೆಗೆಯುತ್ತಾರೆ. ಅದಕ್ಕೆ ನೆರವಾದದ್ದು ಮೈಕ್: ಆ ಮೊದಲ ಧ್ವನಿಮುದ್ರಣಕ್ಕೇ ಅವರು ಕಂಠಕ್ಕೊಂದು, ಗಿಟಾರ್‌ಗೊಂದು ಎಂದು ಎರಡು ಮೈಕ್ ಬೇಕೆಂದು ಹಟ ಹಿಡಿದಿದ್ದರು. ಈಗ ಸಾಲುಗಳನ್ನು ಗಮನಿಸಿ. ಗಿಟಾರ್ ಒಂದೇ ನಡೆಯಲ್ಲಿರುವಾಗ ಹಾಡಿನ ಸಾಲು ಒಮ್ಮೆ ಮುಂದೆ ಹೋಗುತ್ತದೆ, ಒಮ್ಮೆ ಹಿಂದೆ ಉಳಿಯುತ್ತದೆ. ಇನ್ನೇನು ತಪ್ಪಿತು ಎನ್ನುವಷ್ಟರಲ್ಲಿ ಎರಡೂ ಕೂಡುತ್ತವೆ. ವಿಲಂಬಿತ ಖಯಾಲ್ ಕೇಳಿದವರಿಗೆ ಇದು ಹೊಸದಲ್ಲ. ಅಲ್ಲಿ ಠೇಕಾ (ತಬಲಾದ ತಾಳದ ನಡೆ) ಒಬ್ಬರು ಹಿಡಿದಿರುತ್ತಾರೆ, ಹಾಡು ಇನ್ನೊಬ್ಬರದು. ಇಲ್ಲಿ ಎರಡೂ ಒಬ್ಬರವೇ.

ಈ ಹಂತದಲ್ಲಿ ನನಗೆ ಸುಳೇಭಾವಿಯ ನೆನಪಾಗುತ್ತದೆ. ಬೆಳಗಾವಿಯ ಮಗ್ಗುಲಿನ ಆ ಊರಿನಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಕ್ಷಯರೋಗಕ್ಕೆ ಒಂದು ಶ್ವಾಸಕೋಶವನ್ನು ಕಳೆದುಕೊಂಡು, ಮಧ್ಯಪ್ರದೇಶದ ದೇವಾಸದಲ್ಲಿ ಕುಳಿತು ಚಿಕ್ಕ ಚಿಕ್ಕ ಸ್ವರಗುಚ್ಛಗಳ, ನಡುನಡುವೆ ಮೌನದ ಗಾಯನವನ್ನು ಕಟ್ಟಿದರು. ಜಿಲ್ಬರ್ಟೊ ಅವರದು ರೋಗದಿಂದ ಬಂದದ್ದಲ್ಲ, ಆರಿಸಿಕೊಂಡದ್ದು. ಇಬ್ಬರ ಸಂಗೀತವೂ ಬೇರೆ, ಎತ್ತರಗಳೂ ಬೇರೆ. ಆದರೆ ಎರಡು ಸಾಲುಗಳ ನಡುವಿನ ಖಾಲಿ ಜಾಗವನ್ನು ಕೇಳುವುದಕ್ಕೆ ಕುಮಾರರ ನಿರ್ಗುಣ ಭಜನೆಗಳಿಗಿಂತ ಒಳ್ಳೆಯ ಪಾಠ ನಮ್ಮ ನೆಲದಲ್ಲಿ ಇಲ್ಲ. ಅವನ್ನು ಕೇಳಿದ ಮರುದಿನ ಜಿಲ್ಬರ್ಟೊ ಕೇಳಿ.

ಹಂತ 4: ಹಾರ್ಮೋನಿಯಂ ಮುಂದೆ ಕುಳಿತು

ತಾಳದಲ್ಲಿ ನಮಗೆ ಅನುಕೂಲವಿದೆ, ಸ್ವರದಲ್ಲಿ ತೊಡಕಿದೆ. ನಮ್ಮ ಷಡ್ಜ ಕದಲುವುದಿಲ್ಲ, ತಾನ್ಪುರ ಅದನ್ನು ಕಾಯುತ್ತಿರುತ್ತದೆ. ಬೊಸಾ ನೋವಾದಲ್ಲಿ ಹಾಡಿನ ಕೆಳಗಿರುವ ಸ್ವರಗುಂಪು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಇದನ್ನು ಓದಿ ತಿಳಿಯಲಾಗದು, ನುಡಿಸಿ ತಿಳಿಯಬೇಕು. ಭಜನಾ ಮಂಡಳಿಯ ಹಾರ್ಮೋನಿಯಂ ಸಿಕ್ಕರೆ ಸಾಕು.

ಷಡ್ಜವನ್ನು ಒತ್ತಿ ಹಿಡಿದು ಅದನ್ನೇ ಬಾಯಲ್ಲೂ ಹಾಡುತ್ತಿರಿ. ಅದರೊಂದಿಗೆ ಶುದ್ಧ ಗಾಂಧಾರ, ಪಂಚಮ ಸೇರಿಸಿ. ತುಸು ಹೊತ್ತು ಕೇಳಿ. ಈಗ ಷಡ್ಜ ಬಿಡದೆ ಉಳಿದವನ್ನು ಬದಲಿಸಿ: ಕೆಳಗಿನ ಶುದ್ಧ ಧೈವತ, ಷಡ್ಜ, ಗಾಂಧಾರ. ಅನಂತರ ಕೆಳಗಿನ ಶುದ್ಧ ಮಧ್ಯಮ, ಧೈವತ, ಷಡ್ಜ. ಕೊನೆಗೆ ಕೋಮಲ ಧೈವತ, ಷಡ್ಜ, ಕೋಮಲ ಗಾಂಧಾರ. ನೀವು ಹಾಡುತ್ತಿರುವ ಸ್ವರ ಒಂದೇ. ಆದರೆ ಮೊದಲನೆಯದರಲ್ಲಿ ಅದು ಮನೆಯ ಯಜಮಾನ, ಎರಡನೆಯದರಲ್ಲಿ ದುಗುಡ ಹೊತ್ತವ, ಕೊನೆಯದರಲ್ಲಿ ದಾರಿ ಕೇಳುವ ಅಪರಿಚಿತ. ಜೊಬಿಂ ಮತ್ತು ನ್ಯೂಟನ್ ಮೆಂಡೋನ್ಸಾ ಇಬ್ಬರೂ ಸೇರಿ ‘ಒಂದೇ ಸ್ವರದ ಸಾಂಬಾ’ ಎಂಬ ಹಾಡನ್ನು ಕಟ್ಟಿದ್ದೇ ಈ ಗುಟ್ಟಿನ ಮೇಲೆ. ಜಿಲ್ಬರ್ಟೊ ಅವರ 1960ರ ಆಲ್ಬಮ್‌ನಲ್ಲಿ ಅದಿದೆ. ಹಾಡಿನ ಮೊದಲ ಭಾಗದಲ್ಲಿ ಕಂಠ ಒಂದು ಸ್ವರದ ಮೇಲೆ ನಿಂತಿರುತ್ತದೆ, ಕೆಳಗೆ ಗಿಟಾರ್ ಜಾರುತ್ತಿರುತ್ತದೆ.

ಇನ್ನೊಂದು ಗುಂಪನ್ನು ನುಡಿಸಿ: ಷಡ್ಜ, ಶುದ್ಧ ಗಾಂಧಾರ, ಪಂಚಮ, ಅದರ ಮೇಲೆ ಶುದ್ಧ ನಿಷಾದ. ನಾಲ್ಕನ್ನೂ ಒಟ್ಟಿಗೆ ಒತ್ತಿ. ತಾರ ಷಡ್ಜದ ಹೊಸ್ತಿಲಲ್ಲಿ ನಿಂತೂ ಒಳಗೆ ಹೋಗದ ಆ ನಿಷಾದವೇ ಇಡೀ ಬೊಸಾ ನೋವಾದ ಬಣ್ಣ. ಇನ್ನು ಮುಂದೆ ಯಾವ ಹೋಟೆಲಿನಲ್ಲಿ ಕೇಳಿದರೂ ಅದನ್ನು ಗುರುತಿಸುತ್ತೀರಿ.

ಹಂತ 5: ಸ್ಯಾಕ್ಸೊಫೋನ್ ಬಂದ ಮೇಲೆ

1963ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಸ್ಟುಡಿಯೋವೊಂದರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಸ್ ಮತ್ತು ಜಿಲ್ಬರ್ಟೊ ಎದುರುಬದುರಾದರು. ಪಿಯಾನೊಗೆ ಜೊಬಿಂ, ಡ್ರಮ್ಸ್‌ಗೆ ಮಿಲ್ಟನ್ ಬನಾನಾ. ಮರುವರ್ಷ ಹೊರಬಂದ ‘ಗೆಟ್ಸ್/ಜಿಲ್ಬರ್ಟೊ’ 1965ರಲ್ಲಿ ವರ್ಷದ ಆಲ್ಬಮ್‌ಗೆ ಸಲ್ಲುವ ಗ್ರ್ಯಾಮಿ ಪಡೆಯಿತು. ಇಪಾನೇಮಾದ ಹುಡುಗಿಯ ಕುರಿತ ಆ ಪ್ರಸಿದ್ಧ ಹಾಡು, ‘ದ ಗರ್ಲ್ ಫ್ರಮ್ ಇಪಾನೇಮಾ’, ಇದರಲ್ಲೇ ಇದೆ. ಆಲ್ಬಮ್‌ನಲ್ಲಿರುವ ಪೂರ್ಣ ರೂಪವನ್ನೇ ಹುಡುಕಿ ಕೇಳಿ, ರೇಡಿಯೋಕ್ಕಾಗಿ ಕತ್ತರಿಸಿದ್ದನ್ನು ಬಿಡಿ. ಅದರಲ್ಲಿ ಜಿಲ್ಬರ್ಟೊ ಪೋರ್ಚುಗೀಸಿನಲ್ಲಿ ಹಾಡಿದ ಭಾಗವನ್ನೇ ತೆಗೆದುಹಾಕಿದ್ದಾರೆ. ಪೂರ್ಣ ರೂಪದಲ್ಲಿ ಮೊದಲು ಅವರು, ಅನಂತರ ಆಗಿನ ಅವರ ಪತ್ನಿ ಆಸ್ಟ್ರುಡ್ ಇಂಗ್ಲಿಷಿನಲ್ಲಿ, ಆಮೇಲೆ ಗೆಟ್ಸ್ ಅವರ ಸ್ಯಾಕ್ಸೊಫೋನ್, ಅನಂತರ ಜೊಬಿಂ ಅವರ ಪಿಯಾನೊ, ಕೊನೆಗೆ ಮತ್ತೆ ಆಸ್ಟ್ರುಡ್.

ಇಲ್ಲಿ ನಿಮ್ಮ ಕೆಲಸ ಎರಡು. ಗೆಟ್ಸ್ ನುಡಿಸುವಾಗ ಅವರ ಉಸಿರಿನ ಸದ್ದನ್ನು ಹಿಡಿಯಿರಿ. ಸ್ವರದ ಅಂಚಿನಲ್ಲಿ ಗಾಳಿ ಕೇಳಿಸುತ್ತದೆ. ಜೊಬಿಂ ನುಡಿಸುವಾಗ ಅವರು ಎಷ್ಟು ಕಡಿಮೆ ನುಡಿಸುತ್ತಾರೆ ಎಂದು ನೋಡಿ. ಹಾಡಿಗೆ ರಾಗ ಹಾಕಿದವರೇ ಅವರು, ಆದರೂ ಕೆಲವೇ ಸ್ವರಗಳನ್ನು ಇಟ್ಟು ಪಕ್ಕಕ್ಕೆ ಸರಿಯುತ್ತಾರೆ. ಆಸ್ಟ್ರುಡ್ ಅವರಿಗೆ ಆಗ ಇಪ್ಪತ್ತೆರಡು ವರ್ಷ, ವೃತ್ತಿ ಗಾಯಕಿಯಾಗಿರಲಿಲ್ಲ. ಮುಂದೆ ನ್ಯೂ ಜಾಜ್‌ನಲ್ಲಿ ಬರುವ ಎಲ್ಲ ಪಿಸುದನಿಯ ಗಾಯಕಿಯರ ಬೇರು ಈ ಧ್ವನಿಮುದ್ರಣದಲ್ಲಿದೆ.

ಹಂತ 6: ನಡುವಿನ ಸೇತುವೆ

ಇದು ಚಿಕ್ಕ ಹಂತ. 1964ರಲ್ಲಿ ಬ್ರೆಜಿಲ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು, ಅಲ್ಲಿನ ಹಾಡು ಬೇರೆ ದಾರಿಗಳಿಗೆ ತಿರುಗಿತು. 1970ರ ದಶಕದಲ್ಲಿ ರಿಯೋದ ಅಜಿಮೂತ್ ಎಂಬ ಮೂವರ ತಂಡ ಸಾಂಬಾದ ನಡೆಗೆ ಎಲೆಕ್ಟ್ರಿಕ್ ಪಿಯಾನೊ ಮತ್ತು ಸಿಂಥಸೈಜರ್ ಜೋಡಿಸಿತು. ಅವರ 1979ರ ಒಂದು ನುಡಿಸಾಣಿಕೆ ಇಂಗ್ಲೆಂಡಿನ ನೃತ್ಯಶಾಲೆಗಳವರೆಗೂ ಹೋಯಿತು. ಒಂದೆರಡು ತುಣುಕುಗಳನ್ನು ಕೇಳಿ, ಎಲೆಕ್ಟ್ರಿಕ್ ಪಿಯಾನೊದ ಗಂಟೆಯಂಥ ನಾದವನ್ನು ಕಿವಿಯಲ್ಲಿಟ್ಟುಕೊಂಡು ಮುಂದಕ್ಕೆ ಹೋಗಿ.

ಹಂತ 7: ನ್ಯೂ ಜಾಜ್ ಆಲ್ಬಮ್, ಮೂರು ಸಲ

ಈಗ ನೀವು ಸಿದ್ಧರಿದ್ದೀರಿ. ನಾನು ಸೂಚಿಸುವ ಆಲ್ಬಮ್ 2000ದಲ್ಲಿ ಬಂದ ‘ಟಾಂಟೊ ಟೆಂಪೊ’. ಹಾಡಿದವರು ಬೆಬೆಲ್ ಜಿಲ್ಬರ್ಟೊ, ಜೊವಾಂವ್ ಅವರ ಮಗಳು. ಹಾಡುಗಳನ್ನು ಹೆಣೆದವರಲ್ಲಿ ಮುಖ್ಯರು ಸೂಬಾ ಎಂದು ಹೆಸರಾದ ಸರ್ಬಿಯಾದ ಸಂಗೀತಗಾರ; ಅವರು ಸಾವೊ ಪಾಲೊದಲ್ಲಿ ನೆಲೆಸಿದ್ದರು. ಆಲ್ಬಮ್ ಹೊರಬರುವ ಮುನ್ನವೇ, 1999ರ ನವೆಂಬರಿನಲ್ಲಿ, ಮನೆಯಲ್ಲಿ ಹತ್ತಿದ ಬೆಂಕಿಗೆ ಬಲಿಯಾದರು. ಇದು ತಿಳಿದ ಮೇಲೆ ಆ ಹಾಡುಗಳ ಹಗುರವನ್ನು ನಾನು ಬೇರೆ ಗೌರವದಿಂದ ಕೇಳುತ್ತೇನೆ.

ಒಂದೇ ದಿನ ಮೂರು ಸಲ ಕೇಳಬೇಡಿ, ಬೇರೆ ಬೇರೆ ದಿನ ಕೇಳಿ.

ಮೊದಲ ಸಲ ಮಂದ್ರವನ್ನು ಮಾತ್ರ ಹಿಂಬಾಲಿಸಿ. ಜೊವಾಂವ್ ಅವರ ಹೆಬ್ಬೆರಳಿನ ಕೆಲಸವನ್ನು ಇಲ್ಲಿ ಯಾರು ಮಾಡುತ್ತಿದ್ದಾರೆ? ಒಂದು ಹಾಡಿನಲ್ಲಿ ಗಿಟಾರ್ ಇರಬಹುದು, ಇನ್ನೊಂದರಲ್ಲಿ ಬಾಸ್, ಮತ್ತೊಂದರಲ್ಲಿ ಕಂಪ್ಯೂಟರ್. ಕಾಲಿನಿಂದ 1, 5, 9, 13 ತಟ್ಟುತ್ತಿದ್ದರೆ ಗೊತ್ತಾಗುತ್ತದೆ.

ಎರಡನೇ ಸಲ ಮರುಕಳಿಸುವುದನ್ನು ಹುಡುಕಿ. ನ್ಯೂ ಜಾಜ್‌ನಲ್ಲಿ ಒಂದು ತುಣುಕನ್ನು ಧ್ವನಿಮುದ್ರಿಸಿ, ಕತ್ತರಿಸಿ, ಮತ್ತೆ ಮತ್ತೆ ತಿರುಗುವ ಸುತ್ತಾಗಿ (ಲೂಪ್) ಮಾಡುತ್ತಾರೆ. ಮನುಷ್ಯ ನುಡಿಸಿದ ಎರಡು ಆವರ್ತನಗಳು ಎಂದೂ ಒಂದೇ ಆಗಿರುವುದಿಲ್ಲ. ಒಂದು ಪೆಟ್ಟು ತುಸು ಗಟ್ಟಿ, ಇನ್ನೊಂದು ತುಸು ತಡ. ಯಂತ್ರದ ಸುತ್ತಿನಲ್ಲಿ ಅದೇ ಪೆಟ್ಟು, ಅದೇ ಉಸಿರು, ಅದೇ ತಂತಿಯ ಸವರು ಅದೇ ಮಾತ್ರೆಯಲ್ಲಿ ಮರಳುತ್ತದೆ. ಅಂಥ ಒಂದು ಗುರುತಿನ ಸದ್ದನ್ನು ಹಿಡಿದು ಎಣಿಸಿ. ಸುತ್ತು ಎಷ್ಟು ಮಾತ್ರೆಯದು ಎಂದು ಪತ್ತೆಯಾಗುತ್ತದೆ. ನಮ್ಮವರಲ್ಲಿ ಕೆಲವರಿಗೆ ಯಂತ್ರದ ತಾಳವೆಂದರೆ ತಾತ್ಸಾರ. ತಬಲಾ ಸೋಲೊ ಜೊತೆಗೆ ಒಂದೇ ಧಾಟಿಯಲ್ಲಿ ತಿರುಗುವ ಲೆಹರಾ, ಗಾಯಕರ ಜೊತೆಗೆ ಬರುವ ತಾನ್ಪುರ ಇವುಗಳ ಕೆಲಸವನ್ನು ನೆನೆಯಿರಿ: ಬದಲಾಗದಿರುವುದೇ ಅವುಗಳ ಧರ್ಮ, ಅದರಿಂದಲೇ ಮುಂದಿರುವವರ ಬದಲಾವಣೆ ಎದ್ದು ಕಾಣುತ್ತದೆ. ಇಲ್ಲಿ ಸುತ್ತು ಕೂಡ ಅದನ್ನೇ ಮಾಡಬೇಕು. ಮಾಡುತ್ತಿದೆಯೇ ಎಂಬುದು ನಿಮ್ಮ ಪರೀಕ್ಷೆ.

ಮೂರನೇ ಸಲ ಕಂಠ. ಅಪ್ಪನಂತೆ ಮಗಳೂ ಸಾಲುಗಳನ್ನು ಹಿಂದೆ ಮುಂದೆ ಸರಿಸುತ್ತಾರೆಯೇ, ಯಂತ್ರ ಅದಕ್ಕೆ ಎಷ್ಟು ಎಡೆ ಕೊಟ್ಟಿದೆ ಎಂದು ಕೇಳಿ.

ಇದು ಹಿಡಿಸಿದರೆ ಇಟಲಿಯ ಬಾರಿ ಪಟ್ಟಣದ ನಿಕೋಲಾ ಕಾಂಟೆ ಅವರ ‘ಜೆಟ್ ಸೌಂಡ್ಸ್’ ಕೇಳಿ, ಅದೂ 2000ದ್ದೇ. ಅದು ಹೆಚ್ಚು ಚುರುಕು, ಅರವತ್ತರ ದಶಕದ ಸಿನಿಮಾ ಸಂಗೀತದ ಘಮ ಅದರಲ್ಲಿದೆ. ಬರ್ಲಿನ್‌ನ ಜಾಜಾನೋವಾ ತಂಡದ 2002ರ ‘ಇನ್ ಬಿಟ್ವೀನ್’ ಇನ್ನೂ ಕಠಿಣ. ಅದರ ತಾಳಗಳನ್ನು ಎಣಿಸುವುದು ತಬಲಾದವರಿಗೆ ಹಬ್ಬ.

ಹಂತ 8: ಕಾಳು ಯಾವುದು, ಜೊಳ್ಳು ಯಾವುದು

ಇಂಟರ್‌ನೆಟ್‌ನಲ್ಲಿ ‘ಕೆಫೆ ಬೊಸಾ’ ಎಂದು ಹುಡುಕಿದರೆ ಗಂಟೆಗಟ್ಟಲೆ ಓಡುವ, ಯಾರು ನುಡಿಸಿದರೆಂಬ ಹೆಸರೇ ಇಲ್ಲದ ಪಟ್ಟಿಗಳು ಬರುತ್ತವೆ. ಅವನ್ನು ದೂರವಿಡಿ. ಹಾಡಿದವರ, ನುಡಿಸಿದವರ, ಧ್ವನಿಮುದ್ರಿಸಿದ ವರ್ಷದ ವಿವರವಿಲ್ಲದ್ದನ್ನು ಕೇಳಿ ಕಿವಿ ಬೆಳೆಯುವುದಿಲ್ಲ. ಹೊಸ ಆಲ್ಬಮ್ ಸಿಕ್ಕಾಗ ನಾನು ನೋಡುವುದು ಇಷ್ಟೇ: ಮಂದ್ರಕ್ಕೆ ಜೀವವಿದೆಯೇ, ಕೆಳಗಿನ ಸ್ವರಗುಂಪು ಚಲಿಸುತ್ತದೆಯೇ ಅಥವಾ ಎರಡೇ ಗುಂಪುಗಳ ನಡುವೆ ಸುತ್ತುತ್ತದೆಯೇ, ಮೌನಕ್ಕೆ ಜಾಗವಿದೆಯೇ. ಮೂರರಲ್ಲಿ ಎರಡಕ್ಕೆ ‘ಇಲ್ಲ’ ಎಂದು ಉತ್ತರ ಬಂದರೆ ಮುಂದಿನದಕ್ಕೆ ಹೋಗಿ.

ಹಂತ 9: ನುಡಿಸುವ ಆಸೆಯಾದರೆ

ಮನೆಯ ಹುಡುಗರು ಗಿಟಾರ್ ಕಲಿಯುತ್ತಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಈ ಸಂಗೀತಕ್ಕೆ ಬೇಕಿರುವುದು ನೈಲಾನ್ ತಂತಿಯ ಗಿಟಾರ್. ಅಂಗಡಿಯಲ್ಲಿ ‘ಕ್ಲಾಸಿಕಲ್ ಗಿಟಾರ್’ ಎಂದು ಕೇಳಬೇಕು. ಸುಮ್ಮನೆ ಗಿಟಾರ್ ಎಂದರೆ ಉಕ್ಕಿನ ತಂತಿಯದನ್ನು ಕೊಡುತ್ತಾರೆ. ನೈಲಾನ್ ಗಿಟಾರ್‌ಗೆ ಉಕ್ಕಿನ ತಂತಿ ಕಟ್ಟಬೇಡಿ, ಅದರ ಬಿಗಿತಕ್ಕೆ ಮರ ಬಾಗುತ್ತದೆ, ಕುದುರೆ (ತಂತಿಗಳನ್ನು ಕಟ್ಟುವ ಪಟ್ಟಿ) ಕಿತ್ತುಬರಬಹುದು. ತಂತಿ ಮೀಟುವ ಬಿಲ್ಲೆ (ಪ್ಲೆಕ್ಟ್ರಮ್) ಬೇಡ, ಬರಿ ಬೆರಳು.

ಎಡಗೈಗೆ ಒಂದೇ ಸ್ವರಗುಂಪು ಕೊಡಿ. ಬಲಗೈಯ ಹೆಬ್ಬೆರಳು 1, 5, 9, 13ರಲ್ಲಿ ಮಂದ್ರದ ತಂತಿಯನ್ನು ಮೀಟಲಿ. ತೋರು, ನಡು, ಉಂಗುರದ ಬೆರಳುಗಳು 1, 4, 7, 11, 14ರಲ್ಲಿ ಮೂರು ತಂತಿಗಳನ್ನು ಒಟ್ಟಿಗೆ ಎತ್ತಲಿ. ಪಕ್ಕದಲ್ಲಿ ತಬಲಾ ಆ್ಯಪ್ ಅತಿ ನಿಧಾನದ ತೀನ್‌ತಾಲ ನುಡಿಸುತ್ತಿರಲಿ. ಹೆಬ್ಬೆರಳು ಅಲುಗದಂತೆ ನಿಲ್ಲುವವರೆಗೆ ಲಯ ಏರಿಸಬೇಡಿ, ಹಾಡನ್ನು ಸೇರಿಸಬೇಡಿ. ಹೆಬ್ಬೆರಳು ನಿಂತ ಮೇಲೆ, ಎರಡನೇ ಸ್ವರಗುಂಪನ್ನು 1ನೇ ಮಾತ್ರೆಗೆ ಕಾಯದೆ ಹಿಂದಿನ ಆವರ್ತನದ 14ರಲ್ಲೇ ಹಿಡಿಯಲು ಹೇಳಿ. ಬೊಸಾ ನೋವಾ ನುಡಿಸುವವರು ಮುಂದಿನ ಗುಂಪಿಗೆ ಹೀಗೆ ತುಸು ಮುಂಚೆಯೇ ದಾಟುತ್ತಾರೆ.